ಊರ ಕೆರೆ ಮತ್ತು ತೋಟಿಗರ ಹೊಣೆ

ಗೋಕರ್ಣದ ಓಂ ಬೀಚ್‌ಗೆ ಹೋದವರು ಅಲ್ಲಿಂದ ದಕ್ಷಿಣಕ್ಕೆ ತದಡಿಯವರೆಗೆ ನಡೆದರೆ ಅಘನಾಶಿನಿ ನದಿ ಸಮುದ್ರ ಸೇರುವುದನ್ನು ಕಾಣಬಹುದು. ಸುಮಾರು 120 ಕಿ.ಮೀ. ಹರಿದು ಬರುವ ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆ ಪ್ರದೇಶವು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಮೀನು, ಚಿಪ್ಪಿಕಲ್ಲು ಮತ್ತು ಗಜನಿಯ ಕಗ್ಗ ಭತ್ತವನ್ನು ನಂಬಿ ಸಾವಿರಾರು ಕುಟುಂಬಗಳು ಬದುಕುತ್ತಿವೆ. ಇಂಥ ನದಿಯ ಒಂದು ಕವಲಿನ ಮೂಲವು ಶಿರಸಿ ಪೇಟೆಯ ಒಂದು ಚಿಕ್ಕ ಕೆರೆ, ಅಂದರೆ ಶಂಕರ ಹೊಂಡ, ಎಂಬುದು ಅನೇಕರಿಗೆ ತಿಳಿಯದು. ಘಟ್ಟದ ಮೇಲಿನ ಕೆರೆ ಕೆಟ್ಟರೆ ಘಟ್ಟದ ಕೆಳಗಿನವರಿಗೂ ಬಾಧೆ ತಟ್ಟುತ್ತದೆ.

ಶಿರಸಿಯಲ್ಲಿ ನಡೆದ ಕೆಲಸ

2016–17ರ ಬರದ ಬಳಿಕ ಶಿರಸಿಯಲ್ಲಿ ಶ್ರೀನಿವಾಸ ಹೆಬ್ಬಾರರ ಮುಂದಾಳತ್ವದಲ್ಲಿ ‘ಜೀವಜಲ ಕಾರ್ಯಪಡೆ’ ಎಂಬ ಸ್ವಯಂಸೇವಕರ ತಂಡ ರೂಪುಗೊಂಡಿತು. ಆನೆಹೊಂಡ, ಶಂಕರ ಹೊಂಡ ಮೊದಲಾದ ಕೆರೆಗಳ ಹೂಳೆತ್ತುವ ಕೆಲಸವನ್ನು ಊರವರ ನೆರವಿನಿಂದ ಕೈಗೊಳ್ಳಲಾಯಿತು. ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ ಬೀಳುವ ಊರಿನಲ್ಲಿಯೂ ನೀರಿಗೆ ಪರದಾಟ ಬಂದದ್ದೇಕೆ? ಮಳೆ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಅದನ್ನು ತಡೆದಿಡುವ ಪಾತ್ರೆ ಹೂಳಿನಿಂದ ತುಂಬಿರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬರವು ಬಯಲುಸೀಮೆಯ ಮಾತು ಎಂದು ಮಲೆನಾಡಿಗರು ಸುಮ್ಮನಿರುವ ಕಾಲ ಕಳೆಯಿತು.

ಒಂದು ಸಣ್ಣ ಲೆಕ್ಕ

ಒಂದು ಎಕರೆ ವಿಸ್ತಾರದ ಕೆರೆಯಲ್ಲಿ ಒಂದು ಮೀಟರ್ ಹೂಳು ತೆಗೆದರೆ ಸುಮಾರು 40 ಲಕ್ಷ ಲೀಟರ್ ನೀರಿಗೆ ಜಾಗ ಸಿಗುತ್ತದೆ. ಎಕರೆಗೆ 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 18 ಲೀಟರ್ ಎಂದು ಹಿಡಿದರೆ, ಬೇಸಿಗೆಯ 120 ದಿನಗಳಿಗೆ ಎಕರೆಗೆ ಸುಮಾರು 12 ಲಕ್ಷ ಲೀಟರ್ ಬೇಕು. ಹೊಸದಾಗಿ ನಿಂತ ನೀರು ಮೂರು ಎಕರೆಗೆ ಮಿಕ್ಕಿ ತೋಟವನ್ನು ಸಾಕುತ್ತದೆ. ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್‌ನಂತೆ ಹಾಯಿಸಿದರೆ ಅದೇ ನೀರು ಎರಡು ಎಕರೆಗೂ ಸಾಲದು. ಕಾಫಿ ಬೆಳೆಗಾರರಿಗಾದರೆ, ಹೂಮಳೆ ಬಾರದ ವರ್ಷ ಒಂದೂವರೆ ಅಂಗುಲದಂತೆ ಸುಮಾರು 26 ಎಕರೆಗೆ ಒಂದು ಸಲ ತುಂತುರು ನೀರು ಕೊಡಬಹುದು.

ಇನ್ನೊಂದು ಅಂಶವನ್ನು ಗಮನಿಸಬೇಕು. ಬೇಸಿಗೆಯಲ್ಲಿ ಕೆರೆಯ ನೀರು ದಿನಕ್ಕೆ 4–5 ಮಿ.ಮೀ.ನಷ್ಟು ಆವಿಯಾಗುತ್ತದೆ, 100 ದಿನಗಳಿಗೆ ಅರ್ಧ ಮೀಟರ್. ಒಂದು ಮೀಟರ್ ಆಳದ ಕೆರೆಯಲ್ಲಿ ಅರ್ಧ ನೀರು ಬಿಸಿಲಿಗೆ ಹೋದರೆ, ಮೂರು ಮೀಟರ್ ಆಳದ್ದರಲ್ಲಿ ಹೋಗುವುದು ಆರನೆಯ ಒಂದು ಪಾಲು. ಆವಿಯಾಗುವುದು ಮೇಲ್ಮೈಯಿಂದ, ಆದ್ದರಿಂದ ಆಳ ಹೆಚ್ಚಿದಷ್ಟೂ ಲಾಭ.

ಹೂಳೆತ್ತುವಾಗ ಎಚ್ಚರಿಕೆ

1. ತಳದ ಜೇಡಿ ಪದರವನ್ನು ಕೆದಕಬಾರದು. ನೀರನ್ನು ಹಿಡಿದಿಡುವುದು ಅದೇ. ಯಂತ್ರ ಇಳಿಸುವ ಮೊದಲು ಅಲ್ಲಲ್ಲಿ ಗುಂಡಿ ತೋಡಿ ಹೂಳಿನ ದಪ್ಪ ನೋಡಿಕೊಳ್ಳಬೇಕು.

2. ಏರಿಯ ಬುಡಕ್ಕೆ ಒತ್ತಿ ಅಗೆಯಬಾರದು, ಏರಿ ಕುಸಿದೀತು. ಏರಿಯ ಮೇಲೆ ದೊಡ್ಡ ಮರ ಬೆಳೆಸುವುದೂ ಸಲ್ಲ. ಬೇರು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಹುಲ್ಲು ಸಾಕು.

3. ಕೋಡಿ ಮತ್ತು ತೂಬನ್ನು ಮಳೆಗಾಲಕ್ಕೆ ಮೊದಲೇ ಸರಿಪಡಿಸಬೇಕು. ಕೋಡಿ ಕಟ್ಟಿಕೊಂಡರೆ ಒಂದೇ ಮಳೆಗೆ ಏರಿ ಒಡೆಯಬಹುದು.

4. ಮೇಲೆ ಹೇಳಿದ ಒಂದು ಎಕರೆಯ ಹೂಳೆಂದರೆ 5 ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ ಸುಮಾರು 800 ಲೋಡು. ಖರ್ಚಿನ ಬಹುಪಾಲು ಸಾಗಾಟದ್ದೇ. ತೋಟಕ್ಕೆ ಹೊಸಮಣ್ಣು ಬೇಕಾದವರು ತಮ್ಮ ವೆಚ್ಚದಲ್ಲಿ ಒಯ್ದರೆ ಹೊರೆ ಹಗುರಾಗುತ್ತದೆ. ಮಣ್ಣನ್ನು ತೆಳ್ಳಗೆ ಹರಡಬೇಕು, ಮರದ ಬುಡಕ್ಕೆ ರಾಶಿ ಹಾಕಬಾರದು. ಪೇಟೆಯ ಚರಂಡಿ ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ತೋಟಕ್ಕೆ ತರಬಾರದು.

ಹೂಳು ಮತ್ತೆ ಬಾರದಂತೆ

ಒಮ್ಮೆ ಕೆರೆ ತೆಗೆದು ಫೋಟೋ ಹಿಡಿಸಿಕೊಂಡು ಮನೆಗೆ ಹೋದರೆ ಕೆಲವೇ ವರ್ಷಗಳಲ್ಲಿ ಮೊದಲಿನ ಸ್ಥಿತಿಯೇ ಬರುತ್ತದೆ. ಹೂಳು ಬರುವುದು ಕೆರೆಯ ಮೇಲಿನ ಬೆಟ್ಟದಿಂದ. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ದರಕನ್ನು ಪೂರ್ತಿ ಗುಡಿಸಿ ಒಯ್ದ ಬೆಟ್ಟದ ಮಣ್ಣು ಮಳೆಗೆ ನೇರ ಸಿಕ್ಕಿ ತೊಳೆದು ಬರುತ್ತದೆ. ಸ್ವಲ್ಪ ದರಕನ್ನು ಬೆಟ್ಟದಲ್ಲೇ ಬಿಟ್ಟು, ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೆಗೆದರೆ ಮಣ್ಣು ಅಲ್ಲೇ ನಿಲ್ಲುತ್ತದೆ, ನೀರು ಇಂಗಿ ಒರತೆಯಾಗಿ ಕೆರೆಗೆ ಬರುತ್ತದೆ.

ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕು. ಕೆರೆಯಂಚಿಗೆ ತೋಟ ವಿಸ್ತರಿಸಿದವರಲ್ಲಿ ನಮ್ಮ ತೋಟಿಗರೂ ಇದ್ದಾರೆ. ನಾಲ್ಕು ಸಾಲು ಅಡಿಕೆಗಾಗಿ ಹತ್ತು ಮನೆಯ ಬಾವಿ ಬತ್ತಿಸುವುದು ಲಾಭದ ವ್ಯವಹಾರವಲ್ಲ. ಹೂಳೆತ್ತುವುದಕ್ಕಿಂತ ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸುವುದು ಒಳ್ಳೆಯದು. ಆ ಮೇಲೆ ಜಗಳಕ್ಕೆ ಎಡೆಯಿರದು.

ಸಹಕಾರದ ದಾರಿ

ಕೆರೆಗೂ ಸೊಸೈಟಿಗೂ ನಿಯಮ ಒಂದೇ: ಎಲ್ಲರ ಪಾಲೂ ಇದೆ, ಎಲ್ಲರ ಹೊಣೆಯೂ ಇದೆ. ಪ್ರತಿ ಕೆರೆಗೆ ಐದಾರು ಜನರ ಸಮಿತಿ ಇರಲಿ. ಕೆಳಭಾಗದ ಗದ್ದೆಯವರೂ ಕೂಲಿ ಕುಟುಂಬದವರೂ ಅದರಲ್ಲಿರಲಿ. ಲೆಕ್ಕವನ್ನು ಗ್ರಾಮದ ಸಭೆಯಲ್ಲಿ ಓದಿ ಹೇಳಲಿ. ಪಂಪು ಇಡುವವರು ಎಷ್ಟು ಅಡಿ ನೀರು ಉಳಿದಾಗ ನಿಲ್ಲಿಸಬೇಕೆಂದು ತೂಬಿನ ಕಲ್ಲಿನ ಮೇಲೆ ಗುರುತು ಹಾಕಿಡಲಿ. ದನಕರು, ಹಕ್ಕಿ, ಮೀನುಗಳಿಗೂ ಒಂದು ಪಾಲು ಉಳಿಯಬೇಕಷ್ಟೆ.

ಸದಸ್ಯರು ಈ ವರ್ಷ ಒಂದು ಕೆಲಸ ಮಾಡಿ ನೋಡಬಹುದು. ಸುಗ್ಗಿ ಮುಗಿದ ಮೇಲೆ ನಿಮ್ಮೂರ ಕೆರೆಯಲ್ಲಿ ಒಂದು ಅಳತೆಗೋಲು ನೆಟ್ಟು, ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಯಿರಿ. ಪಕ್ಕದ ಬಾವಿಯ ಮಟ್ಟವನ್ನೂ ಬರೆಯಿರಿ. ಎರಡು ಬೇಸಿಗೆಯ ಅಂಕಿಗಳು ಕೈಯಲ್ಲಿದ್ದರೆ, ಕೆರೆಗೂ ತೋಟಕ್ಕೂ ಇರುವ ಸಂಬಂಧವನ್ನು ಬೇರೆ ಯಾರೂ ಬಂದು ವಿವರಿಸಬೇಕಾಗಿಲ್ಲ.