ಕಬ್ಬಿನ ವರ್ಣತಂತುಗಳ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವಳು. ಆದರೂ ಈ ವಿಷಯ ಬರೆಯಲು ಕಾರಣ ನಮ್ಮ ಹೊಲ. ರನ್ನ ಬೆಳಗಲಿಯಲ್ಲಿ ಅಬ್ಬಾ ಲಾವಣಿಗೆ ಹಿಡಿದಿರುವ ಎರಡು ಎಕರೆ ಕಬ್ಬಿನಲ್ಲಿ ಹೋದ ವರ್ಷ ಅಲ್ಲಲ್ಲಿ ಎಲೆ ಒಣಗತೊಡಗಿತು. ಕಬ್ಬು ಸೀಳಿ ನೋಡಿದರೆ ಒಳಗೆಲ್ಲ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹುಳಿ ವಾಸನೆ. ಕೆಂಪು ಕೊಳೆ ರೋಗ. ಅಬ್ಬಾ ಆ ಬುಡಗಳನ್ನು ಕಿತ್ತು ಸುಟ್ಟರು. ಅಷ್ಟರಲ್ಲಿ ರೋಗ ಅರ್ಧ ಹೊಲಕ್ಕೆ ಹಬ್ಬಿತ್ತು. ಎಲ್ಲಕ್ಕೂ ಹೀಗೆ ಒಟ್ಟಿಗೆ ಯಾಕೆ ಬರುತ್ತದೆ ಎಂದು ಕೇಳಿದ್ದಕ್ಕೆ ಪಕ್ಕದ ಹೊಲದ ಕಾಕಾ, "ಎಲ್ಲಾ ಒಂದ ಬೀಜದ್ದು ಅಲ್ಲೇನ ತಂಗಿ?" ಎಂದರು.

ಈ ಮಾತೇ ನನ್ನನ್ನು ಜೀವಶಾಸ್ತ್ರದ ಮೇಡಂ ಹತ್ತಿರ ಕಳಿಸಿತು. ನಾವು ಕಬ್ಬಿನ ಬೀಜ ಎನ್ನುವುದು ನಿಜವಾದ ಬೀಜವಲ್ಲ, ಕಣ್ಣಿರುವ ತುಂಡು. ಆದ್ದರಿಂದ ಒಂದು ತಳಿಯ ಹೊಲವೆಂದರೆ ಒಂದೇ ಗಿಡದ ಸಾವಿರಾರು ನಕಲು. ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ಉತ್ತರ ಪ್ರದೇಶದಲ್ಲಿ ಕೋ 0238 ಎಂಬ ಒಂದೇ ತಳಿ ಬಹುಪಾಲು ಹೊಲಗಳನ್ನು ತುಂಬಿತ್ತು. ಈಚಿನ ವರ್ಷಗಳಲ್ಲಿ ಇದೇ ರೋಗ ಅದನ್ನು ಹಿಡಿದು ರೈತರಿಗೆ ದೊಡ್ಡ ನಷ್ಟವಾಯಿತು.

ಹಾಗಾದರೆ ಹೊಸ ತಳಿ ಹೇಗೆ ಹುಟ್ಟುತ್ತದೆ? ಇಲ್ಲಿಂದ ಲೆಕ್ಕ ಶುರು. ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬು ತಳಿ ಸಂಸ್ಥೆ ಆರಂಭವಾಯಿತು. ಅಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ದಪ್ಪ, ಸಿಹಿ ಕಬ್ಬನ್ನು ಕಾಡುಕಬ್ಬಿನ ಜೊತೆ ಕೂಡಿಸಿದರು. ಕಾಡುಕಬ್ಬಿನಲ್ಲಿ ಸಕ್ಕರೆ ಇಲ್ಲ, ಆದರೆ ಗಟ್ಟಿತನ ಇದೆ. ಸಿಹಿ ಕಬ್ಬಿಗೆ 80 ವರ್ಣತಂತು, ಆ ಕಾಡುಕಬ್ಬಿಗೆ 64. ತಾಯಿ ಅರ್ಧ, ತಂದೆ ಅರ್ಧ ಕೊಟ್ಟರೆ 40ಕ್ಕೆ 32 ಸೇರಿ 72 ಆಗಬೇಕು. ಆದರೆ ಮಗುವಿಗೆ ಬಂದದ್ದು 112! ತಾಯಿ ಕಬ್ಬು ತನ್ನ 80ನ್ನೂ ಇಡಿಯಾಗಿ ಕೊಟ್ಟುಬಿಟ್ಟಿತ್ತು. ನಮ್ಮ ಅಕೌಂಟೆನ್ಸಿಯಲ್ಲಿ ಹೀಗೆ ಬರೆದರೆ ತಾಳೆ ಪಟ್ಟಿಯೇ ಕೂಡುವುದಿಲ್ಲ. ಆದರೆ ಆ ತಪ್ಪು ಲೆಕ್ಕವೇ 1918ರಲ್ಲಿ ಕೋ 205 ಎಂಬ ತಳಿಯಾಗಿ ಹೊರಬಂತು. ಇಂದಿನ ತಳಿಗಳಲ್ಲಿ 100ರಿಂದ 130ರ ತನಕ ವರ್ಣತಂತುಗಳಿವೆ. ನಮ್ಮ ಕಡೆ ಎಲ್ಲೆಲ್ಲೂ ಕಾಣುವ 86032 ಕೂಡ ಕೊಯಮತ್ತೂರಿನದೇ. ಮೊದಲಿನ 86 ಎಂದರೆ 1986ನೇ ಇಸವಿ. ಕೇರಳದ ಇ. ಕೆ. ಜಾನಕಿ ಅಮ್ಮಾಳ್ 1930ರ ದಶಕದಲ್ಲಿ ಅದೇ ಸಂಸ್ಥೆಯಲ್ಲಿ ಕಬ್ಬಿನ ವರ್ಣತಂತುಗಳನ್ನು ಅಭ್ಯಾಸ ಮಾಡಿದರು. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿದ್ದ ಕಾಲ ಅದು, ನೆನಪಿರಲಿ.

ಕಬ್ಬಿಗೆ ಮನುಷ್ಯ ಮಾಡಿಸಿದ್ದನ್ನು ಗೋಧಿ ತಾನೇ ಮಾಡಿಕೊಂಡಿದೆ. ನಮ್ಮ ಭಾಗದಲ್ಲಿ ಹುಗ್ಗಿಗೆ ಬಳಸುವ ಸದಕ ಗೋಧಿಗೆ 28 ವರ್ಣತಂತು, ಚಪಾತಿ ಗೋಧಿಗೆ 42. ಸುಮಾರು ಎಂಟು ಹತ್ತು ಸಾವಿರ ವರ್ಷಗಳ ಹಿಂದೆ 28ರ ಗೋಧಿಯ ಹೊಲದಲ್ಲಿ 14ರ ಒಂದು ಕಾಡುಹುಲ್ಲು ಕೂಡಿತು. ಬೇರೆ ಬೇರೆ ಜಾತಿ ಕೂಡಿದಾಗ ವರ್ಣತಂತುಗಳಿಗೆ ಜೋಡಿ ಸಿಗದೆ ಸಂತತಿ ಬಂಜೆಯಾಗುತ್ತದೆ. ಸಂಖ್ಯೆ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೋಡಿ ಸಿಕ್ಕು, ಒಂದೇ ಪೀಳಿಗೆಯಲ್ಲಿ ಹೊಸ ಜಾತಿ ನಿಲ್ಲುತ್ತದೆ. ಹೆಚ್ಚುವರಿ ಪ್ರತಿ ಇದ್ದರೆ ಇನ್ನೊಂದು ಲಾಭ: ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಇನ್ನೊಂದು ಬದಲಾಗಲು ಬಿಡುವಾಗಿರುತ್ತದೆ. ಬಾಳೆಗೆ ಆದದ್ದು ಬೇರೆ. ನಾವು ತಿನ್ನುವ ಬಾಳೆಯಲ್ಲಿ ಹೆಚ್ಚಿನವಕ್ಕೆ 33, ಅಂದರೆ 11ರ ಮೂರು ಗುಂಪು, ಸರಿಯಾಗಿ ಜೋಡಿಯಾಗದು. ಅದಕ್ಕೇ ಬೀಜವಿಲ್ಲ, ಅದೂ ಕಬ್ಬಿನಂತೆ ಕಂದಿನಿಂದಲೇ ಬೆಳೆಯಬೇಕು.

ಕಬ್ಬಿಗೂ ಸೂಲಂಗಿ ಬಿಡುತ್ತದೆ, ಸಣ್ಣ ಬೀಜವೂ ಆಗುತ್ತದೆ. ಇಷ್ಟೊಂದು ವರ್ಣತಂತು ಇರುವುದರಿಂದ ಪ್ರತಿ ಬೀಜದಲ್ಲೂ ಹಂಚಿಕೆ ಬೇರೆ, ಯಾವ ಸಸಿಯೂ ತಾಯಿಯಂತೆ ಇರುವುದಿಲ್ಲ. ರೈತನಿಗೆ ಇದು ಉಪಯೋಗಕ್ಕಿಲ್ಲ. ತಳಿ ಮಾಡುವವರಿಗೆ ಇದೇ ಬಂಡವಾಳ; ರೋಗ ತಡೆಯುವ ಒಂದು ಸಸಿಯನ್ನು ಅವರು ಇಂಥ ಸಾವಿರಾರು ಸಸಿಗಳಲ್ಲೇ ಹುಡುಕುತ್ತಾರೆ.

ನಾನು ಮೊದಲು ತಪ್ಪು ತಿಳಿದದ್ದು ಒಂದಿದೆ. ವರ್ಣತಂತು ಹೆಚ್ಚಿದ್ದರೆ ಜೀನೋಮ್ ಕೂಡ ದೊಡ್ಡದೇ ಇರಬೇಕು ಎಂದುಕೊಂಡಿದ್ದೆ. ಖಾತೆ ಪುಸ್ತಕಗಳು ಎಷ್ಟು ಎನ್ನುವುದು ಒಂದು ಲೆಕ್ಕ, ಒಟ್ಟು ಪುಟ ಎಷ್ಟು ಎನ್ನುವುದು ಇನ್ನೊಂದು. ನೂರು ದಾಟಿದ ಕಬ್ಬಿನ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಮೂರು ಪಟ್ಟು. ಬರೀ 16 ವರ್ಣತಂತುಗಳ ಉಳ್ಳಾಗಡ್ಡಿಯದು ಸುಮಾರು ಐದು ಪಟ್ಟು! ಅದರಲ್ಲಿ ಬಹುಪಾಲು ಮತ್ತೆ ಮತ್ತೆ ನಕಲಾದ ತುಣುಕುಗಳೇ. ಪುಟ ಹೆಚ್ಚಿದ್ದರೆ ಖರ್ಚೂ ಇದೆ. ಜೀವಕೋಶ ಒಡೆಯುವಾಗಲೆಲ್ಲ ಅಷ್ಟನ್ನೂ ನಕಲು ಮಾಡಬೇಕು, ಅದಕ್ಕೆ ಸಾರಜನಕ, ರಂಜಕ ಬೇಕು, ಸಮಯ ಬೇಕು. ಬೇಗ ಬೆಳೆದು ಬೇಗ ಬೀಜ ಉದುರಿಸುವ ಕಳೆಗಳಲ್ಲಿ ಜೀನೋಮ್ ಸಾಮಾನ್ಯವಾಗಿ ಚಿಕ್ಕದಿರುತ್ತದೆ.

ಅಬ್ಬಾಗೆ ಇದನ್ನೆಲ್ಲ ಮನೆಯಲ್ಲಿ ಉರ್ದುವಿನಲ್ಲಿ ಹೇಳಿದೆ. ವರ್ಣತಂತುವಿಗೆ ಉರ್ದು ಪದ ಗೊತ್ತಿಲ್ಲದೆ 'ಧಾಗಾ' ಎಂದೆ. ಪೂರ್ತಿ ಕೇಳಿ ಅವರು ಎರಡೇ ಪ್ರಶ್ನೆ ಕೇಳಿದರು: ಮುಂದಿನ ಬೀಜ ಎಲ್ಲಿಂದ ತರುವುದು, ಎರಡು ತಳಿ ಬೇರೆ ಬೇರೆ ಹಚ್ಚಿದರೆ ಹೇಗೆ? ರೋಗ ಬಂದ ಹೊಲದಲ್ಲಿ ಈ ವರ್ಷ ಕಬ್ಬು ಹಚ್ಚಿಲ್ಲ, ಕುಳೆಯನ್ನೂ ಬಿಟ್ಟಿಲ್ಲ. ಉಳ್ಳಾಗಡ್ಡಿ ಹಾಕಿದ್ದೇವೆ.