ಹೊದಿಕೆ ಹೊದ್ದ ಗೋಡೆಯ ಪಕ್ಕದಲ್ಲಿ ಮೆಟ್ಟಿಲು: ಮಾಡಬೇಕಾದ್ದು, ಮಾಡಬಾರದ್ದು

ಜರ್ಮನಿಯಲ್ಲಿ ಮನೆ ಕೊಂಡು, ಮುಂಬಾಗಿಲಿಗೋ ತೋಟಕ್ಕೋ ಹೊರಗಿನ ಮೆಟ್ಟಿಲು ಕಟ್ಟಿಸಲು ಹೊರಟಿರುವ ಕನ್ನಡಿಗರಿಗೆ ಈ ಸೂಚನೆ.

ಊರಿನಲ್ಲಿ ಮೆಟ್ಟಿಲನ್ನು ಗೋಡೆಗೆ ಕಚ್ಚಿಸಿ ಕಟ್ಟುತ್ತೇವೆ. ಅಲ್ಲಿನ ಗೋಡೆ ಇಟ್ಟಿಗೆಯದೋ ಕಲ್ಲಿನದೋ, ತಡೆದುಕೊಳ್ಳುತ್ತದೆ. ಇಲ್ಲಿ ಹೊದಿಕೆ ಹೊದ್ದ ಗೋಡೆಯಲ್ಲಿ ಕೈಗೆ ತಾಗುವ ಗಾರೆ ಕೆಲವೇ ಮಿಲಿಮೀಟರ್ ದಪ್ಪ. ಅದರ ಹಿಂದೆ, ಹೊಸ ಮನೆಗಳಲ್ಲಿ ಸಾಮಾನ್ಯವಾಗಿ 12ರಿಂದ 20 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಲಗೆ ಇರುತ್ತದೆ. ನಿಜವಾದ ಗೋಡೆ ಇರುವುದು ಅದರಾಚೆ. ಈ ಹೊದಿಕೆ ಚಳಿ ತಡೆಯುತ್ತದೆ, ಭಾರ ಹೊರುವುದಿಲ್ಲ. ಹಾಗಾಗಿ ಮೆಟ್ಟಿಲು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಕೆಳಗಿನ ಹಲವು ಮಾತುಗಳು ಈ ಒಂದು ನಿಯಮದಿಂದಲೇ ಬಂದವು.

ಮಾಡಬೇಕಾದ್ದು

1. ಮೆಟ್ಟಿಲಿಗೆ ಅದರದೇ ಪಾಯ ಹಾಕಿಸಿ. ಆಳ ಕನಿಷ್ಠ 80 ಸೆಂ.ಮೀ. ಇರಲಿ; ಮೇಲಿನ ಮಣ್ಣು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ. ನೆಲಮಾಳಿಗೆ ಕಟ್ಟುವಾಗ ಅಗೆದು ಮತ್ತೆ ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು.

2. ಮೆಟ್ಟಿಲಿಗೂ ಗೋಡೆಗೂ ನಡುವೆ ನಾಲ್ಕೈದು ಸೆಂ.ಮೀ. ಸಂದು ಬಿಡಿ. ಅದರ ತಳದಲ್ಲಿ ಜಲ್ಲಿ ಇರಲಿ, ಬಿದ್ದ ನೀರು ಇಂಗಿಹೋಗಲಿ. ಸಂದಿನಲ್ಲಿ ಸೇರುವ ಎಲೆಗಳನ್ನು ಪ್ರತಿ ಶರತ್ಕಾಲದಲ್ಲಿ ತೆಗೆಯಿರಿ.

3. ಮೆಟ್ಟಿಲು ಕಟ್ಟುವ ಮೊದಲೇ ಗೋಡೆಯ ಬುಡ ಭದ್ರಪಡಿಸಿ. ಅಲ್ಲಿ ನೀರು ಹೀರದ ಹಲಗೆ ಮತ್ತು ಜಲನಿರೋಧಕ ಲೇಪ ಬೇಕು. ಲೇಪ ನೆಲದಿಂದ 30 ಸೆಂ.ಮೀ. ಮೇಲಕ್ಕೆ ಬರುವಂತೆ ಯೋಜಿಸಿ; ಕೆಲಸ ಮುಗಿದಾಗ 15 ಸೆಂ.ಮೀ.ಗಿಂತ ಕಡಿಮೆ ಉಳಿಯಬಾರದು. ಮಳೆಹನಿ ಪ್ರತಿ ಮೆಟ್ಟಿಲಿನಿಂದಲೂ ಗೋಡೆಗೆ ಸಿಡಿಯುತ್ತದೆ. ಆದ್ದರಿಂದ ಮೆಟ್ಟಿಲು ಏರಿದಂತೆ ಲೇಪವೂ ಏರಬೇಕು.

4. ಪ್ರತಿ ಮೆಟ್ಟಿಲಿಗೂ ಮುಂದಕ್ಕೆ 2% ಇಳಿಜಾರು ಕೊಡಿಸಿ. ಗೋಡೆಯ ಕಡೆಗೆ ಎಳ್ಳಷ್ಟೂ ಬೇಡ.

5. ಬಾಗಿಲ ಹೊಸ್ತಿಲು ಮೇಲಿನ ಕಟ್ಟೆಗಿಂತ 15 ಸೆಂ.ಮೀ. ಎತ್ತರ ಇರಲಿ. ಅಷ್ಟು ಎತ್ತರ ಬೇಡವೆಂದರೆ ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಮಾಡಿಸಲೇಬೇಕು.

6. ಕೈಹಿಡಿಯ ಕಂಬಗಳನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ. ಗೋಡೆಗೇ ಹಿಡಿಸಬೇಕಾದರೆ, ಹೊದಿಕೆ ದಾಟಿ ಒಳಗಿನ ಗೋಡೆಗೆ ಕೂರುವ, ಚಳಿ ಒಳಗೆ ಬಿಡದ ವಿಶೇಷ ಆಂಕರ್ ಬಳಸಿ.

7. ಎರಡು ಮೆಟ್ಟಿಲ ಎತ್ತರ ಮತ್ತು ಒಂದು ಮೆಟ್ಟಿಲ ಅಗಲ ಕೂಡಿದರೆ ಸುಮಾರು 63 ಸೆಂ.ಮೀ. ಬರಲಿ. 15 ಎತ್ತರ, 33 ಅಗಲ ಇದ್ದರೆ ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದಾಗಲೂ ಆಯಾಸವಿಲ್ಲದೆ ಹತ್ತುತ್ತಾರೆ.

ಮಾಡಬಾರದ್ದು

1. ಹೊದಿಕೆಯ ಗೋಡೆಯನ್ನೇ ಒಂದು ಬದಿಯ ಸೆಂಟ್ರಿಂಗ್ ಮಾಡಿಕೊಂಡು ಕಾಂಕ್ರೀಟ್ ಸುರಿಯಬೇಡಿ. ಮೆಟ್ಟಿಲು ಕೂದಲೆಳೆಯಷ್ಟು ಕುಸಿದರೂ ಗಾರೆ ಹರಿಯುತ್ತದೆ. ಸೀಳಿನೊಳಗೆ ಹೋದ ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗಿ, ಸೀಳನ್ನು ಇನ್ನಷ್ಟು ಅಗಲ ಮಾಡುತ್ತದೆ.

2. ಹಲಗೆ ಕತ್ತರಿಸಿ ಮೆಟ್ಟಿಲನ್ನು ಒಳಗಿನ ಗೋಡೆಗೆ ಕಚ್ಚಿಸಬೇಡಿ. ಕಾಂಕ್ರೀಟಿನ ಮೂಲಕ ಶಾಖ ಈ ಹಲಗೆಗಿಂತ 50 ಪಟ್ಟಿಗೂ ಹೆಚ್ಚು ಸುಲಭವಾಗಿ ಹರಿಯುತ್ತದೆ. ಆ ಜಾಗದಲ್ಲಿ ಒಳಗೋಡೆ ತಣ್ಣಗಾಗಿ ಬೂಷ್ಟು ಹಿಡಿಯುತ್ತದೆ.

3. ಸಂದಿಗೆ ಸಿಲಿಕೋನ್ ಮೆತ್ತಿ ಕೆಲಸ ಮುಗಿಯಿತು ಎನ್ನಬೇಡಿ. ಸಿಲಿಕೋನ್ ಬಿರಿದ ದಿನದಿಂದ ಒಳಗೆ ಹೋದ ನೀರಿಗೆ ಹೊರದಾರಿ ಇರುವುದಿಲ್ಲ.

4. ಹಲಗೆಯ ಹತ್ತಿರ ಗ್ಯಾಸ್ ಉರಿ ಹಿಡಿಯಬೇಡಿ, ಸಾಲ್ವೆಂಟ್ ಇರುವ ಡಾಂಬರು ಬಳಿಯಬೇಡಿ. ಉರಿ ಥರ್ಮಾಕೋಲನ್ನು ಕರಗಿಸುತ್ತದೆ, ಸಾಲ್ವೆಂಟ್ ತಿಂದುಹಾಕುತ್ತದೆ.

5. ಮಂಜು ಬಿದ್ದಾಗ ಉಪ್ಪು ಎರಚಬೇಡಿ. ಅದು ಕಾಂಕ್ರೀಟನ್ನೂ ಗಾರೆಯನ್ನೂ ಕೆಡಿಸುತ್ತದೆ. ಸಣ್ಣ ಜಲ್ಲಿ ಚೆಲ್ಲಿ.

ಈಗಾಗಲೇ ಅಂಟಿಸಿ ಕಟ್ಟಿಸಿದ್ದರೆ

ಮೆಟ್ಟಿಲ ಅಂಚಿನಲ್ಲಿ ಪಾಚಿ, ಬಿರುಕು, ತಟ್ಟಿದರೆ ಟೊಳ್ಳು ಸದ್ದು, ಒಳಗೆ ಅದೇ ಎತ್ತರದಲ್ಲಿ ಬೂಷ್ಟು: ಇವುಗಳಲ್ಲಿ ಒಂದು ಕಂಡರೂ ಬಣ್ಣ ಬಳಿದು ಮುಚ್ಚಬೇಡಿ. ಕಟ್ಟಡ ತಜ್ಞರನ್ನು ಕರೆಸಿ ತೇವ ಅಳೆಸಿ.

ಹೊಸದಾಗಿ ಕಟ್ಟಿಸುವವರು ಲೇಪ, ಹಲಗೆ, ಪಾಯ ಮುಚ್ಚಿಹೋಗುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ಕೆಲಸ ಮುಗಿದ ಮೇಲೆ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ನಿಂತು ನೋಡಿ. ನೀರು ಗೋಡೆಯ ಕಡೆ ತಿರುಗುತ್ತಿದ್ದರೆ ಗುತ್ತಿಗೆದಾರರಿಗೆ ಅಂದೇ ಬರೆದು ತಿಳಿಸಿ, ಸರಿಪಡಿಸಿಕೊಳ್ಳಿ.