ಮಕ್ಕಳೊಡನೆ ದ್ವೀಪಯಾತ್ರೆ: ಯಾವ ದ್ವೀಪವನ್ನು ಆರಿಸಬೇಕು?

ಹೋದ ವರ್ಷ ಪರೀಕ್ಷೆಗಳು ಮುಗಿದ ದಿನ ಸಂಜೆ ನಮ್ಮ ಶಾಲೆಯ ಪೋಷಕರೊಬ್ಬರು ಕಚೇರಿಗೆ ಬಂದರು. ಶೇಂಗಾ ಬೆಳೆಯುವ ಒಕ್ಕಲು ಮನೆತನದವರು. ಅವರಿಗೆ ಮೂವರು ಮಕ್ಕಳು: ಹಿರಿಯನು ಒಂಬತ್ತನೆಯ ತರಗತಿ, ನಡುವಿನವಳು ಆರನೆಯ ತರಗತಿ, ಕಡೆಯದು ನಾಲ್ಕು ವರ್ಷದ ಕೂಸು. "ಸಾರ್, ನೀವು ಭೂಗೋಳದಾಗ ದ್ವೀಪದ ಪಾಠ ಹೇಳಿದಾಗಿನಿಂದ ಹುಡುಗರು ದ್ವೀಪ ನೋಡಬೇಕು ಅಂತ ಹಟ ಹಿಡಿದಾರೆ. ದೊಡ್ಡವನು ಅಂಡಮಾನ್ ಅಂತಾನೆ. ಒಂದಿಷ್ಟು ದುಡ್ಡು ಕೂಡಿಟ್ಟೀವಿ. ಎಲ್ಲಿಗೆ ಕರಕೊಂಡು ಹೋದರೆ ಒಳ್ಳೆಯದು, ನೀವೇ ಹೇಳ್ರಿ" ಎಂದರು. ನಾವು ಕೂಡಲೆ ಉತ್ತರ ಕೊಡದೆ ಗೋಡೆಯ ಮೇಲಿದ್ದ ಭೂಪಟವನ್ನು ಇಳಿಸಿ ಮೇಜಿನ ಮೇಲೆ ಹರಡಿದೆವು. ಅಂದು ಅವರೊಡನೆ ವಿಚಾರ ಮಾಡಿದ ಸಂಗತಿಗಳು ಇತರ ಮನೆಗಳಿಗೂ ಉಪಯೋಗವಾದಾವೆಂದು ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ.

ದ್ವೀಪಗಳ ಬಗೆ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಎಲ್ಲ ದ್ವೀಪಗಳೂ ಒಂದೇ ಬಗೆಯಾಗಿ ಹುಟ್ಟಿದವಲ್ಲ. ಉಡುಪಿಯ ಬಳಿ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳು ಲಾವಾರಸವು ಆರಿ ಗಟ್ಟಿಯಾದುದರಿಂದ ಉಂಟಾದ ಶಿಲೆಗಳಿಂದ ಕೂಡಿವೆ. ಲಕ್ಷದ್ವೀಪವು ಹವಳದ ಸಣ್ಣ ಸಣ್ಣ ಜೀವಿಗಳು ಲಕ್ಷಾಂತರ ವರ್ಷ ಕಟ್ಟಿದ ಸುಣ್ಣದ ದಿಬ್ಬಗಳು. ಅಂಡಮಾನ್ ದ್ವೀಪಗಳು ಬರ್ಮಾ ದೇಶದ ಅರಕಾನ್ ಪರ್ವತಶ್ರೇಣಿಯು ಸಮುದ್ರದಲ್ಲಿ ಮುಳುಗಿ ಮುಂದುವರಿದಾಗ ನೀರಿನ ಮೇಲೆ ಉಳಿದ ಶಿಖರಗಳು. ರಾಮೇಶ್ವರವಿರುವ ಪಾಂಬನ್ ದ್ವೀಪವು ಮರಳು, ಹವಳದ ಕಲ್ಲುಗಳ ತಗ್ಗಾದ ನೆಲ.

ಇವೆಲ್ಲವೂ ಉಷ್ಣವಲಯದಲ್ಲಿವೆ. ನಮ್ಮ ಡಿ. ಹಿರೇಹಾಳವೂ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು ಉಷ್ಣವಲಯಕ್ಕೇ ಸೇರಿದೆ; ಮೇಲೆ ಹೇಳಿದ ದ್ವೀಪಗಳೆಲ್ಲ ನಮಗಿಂತ ದಕ್ಷಿಣಕ್ಕಿವೆ. ಬಿಸಿಲು ನಮಗೆ ಹೊಸದಲ್ಲ, ಹೊಸದಾದುದು ನೀರು. ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಅಂಡಮಾನಿನಲ್ಲಿ ಸುಮಾರು 3000 ಮಿಲಿಮೀಟರ್. ಹಗರಿಯ ಹೊಳೆಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ಕಂಡಿರುವ ನಮ್ಮ ಮಕ್ಕಳಿಗೆ ಈಜು ಬಾರದು. ಕಡಲನ್ನು ಕಂಡಾಗ ಆಗುವ ಆನಂದ ಅವರಿಗೆ ಉಂಟು, ಆಗಬೇಕಾದ ಭಯ ಇಲ್ಲ. ದ್ವೀಪವನ್ನು ಆರಿಸುವಾಗ ತಂದೆತಾಯಿಗಳು ಮೊದಲು ನೆನೆಯಬೇಕಾದುದು ಇದನ್ನೇ.

ನಮಗಾದ ಒಂದು ಅನುಭವ

ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಕೆಳಗೆ ಮನೆಯವರೊಡನೆ ಒಂದು ಕಡಲತೀರಕ್ಕೆ ಹೋಗಿದ್ದೆವು. ಆಗ ಏಳು ವರ್ಷದವಳಾಗಿದ್ದ ನಮ್ಮ ಮಗಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದಳು. ನಾವು ಹತ್ತು ಮಾರು ದೂರದಲ್ಲಿ ನಿಂತು ಬಾಳೆಹಣ್ಣಿನವನಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದೆವು. ಎಣಿಕೆ ಮುಗಿಯುವಷ್ಟರಲ್ಲಿ ಅಲೆಯೊಂದು ಬಂದು, ಮರಳುವಾಗ ಅವಳ ಕಾಲಡಿಯ ಮರಳನ್ನೂ ಅವಳನ್ನೂ ಎಳೆದುಕೊಂಡು ಹೋಯಿತು. ಬಲೆ ಒಣಗಿಸುತ್ತಿದ್ದ ಬೆಸ್ತರೊಬ್ಬರು ಓಡಿ ಬಂದು ಮಗುವಿನ ಜಡೆ ಹಿಡಿದೆತ್ತಿದರು. "ಮಗುವನ್ನು ನೀರಿಗೆ ಬಿಟ್ಟ ಮೇಲೆ ಕಣ್ಣನ್ನು ಬೇರೆ ಕಡೆ ಬಿಡಬಾರದು, ಸ್ವಾಮಿ" ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಮರಳಿದರು. ನಾವು ಬಿ.ಎ., ಬಿ.ಟಿ. ಓದಿದವರು, ಅಲೆಗಳ ಪಾಠವನ್ನು ಎಷ್ಟೋ ವರ್ಷ ಹೇಳಿದವರು. ಆ ದಿನ ತಪ್ಪು ಕಡಲಿನದಲ್ಲ, ನಮ್ಮದು.

ಅಲೆಗಳು ದಡಕ್ಕೆ ತಂದೊಟ್ಟಿದ ನೀರು ಮತ್ತೆ ಕಡಲಿಗೆ ಹೋಗಲೇಬೇಕಷ್ಟೆ. ಕೆಲವು ಕಡೆಗಳಲ್ಲಿ ಅದು ಇಕ್ಕಟ್ಟಾದ ಹಾದಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಇದೇ ಸೆಳವು. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದುದರಿಂದ ನೋಡುವವರಿಗೆ ಅದೇ ಶಾಂತವಾದ ಸ್ಥಳವಾಗಿ ಕಾಣುತ್ತದೆ. ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಈಜು ಬಲ್ಲವನು ಸೆಳವಿಗೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಈಜು ಬಾರದವರಿಗೆ ಉಪಾಯವೊಂದೇ: ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದು, ಮಕ್ಕಳು ಹಿರಿಯರ ಕೈಗೆಟಕುವಷ್ಟು ಹತ್ತಿರದಲ್ಲಿಯೇ ಇರುವುದು.

ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಮೊದಲನೆಯದು: ನಮ್ಮಲ್ಲಿ ಎಲ್ಲರಿಗಿಂತ ಕಿರಿಯರು ಯಾರು? ಹದಿನಾಲ್ಕು ವರ್ಷದ ಹುಡುಗನು ತಾಳಿಕೊಳ್ಳುವ ಹಡಗಿನ ಓಲಾಟವನ್ನು ನಾಲ್ಕು ವರ್ಷದ ಕೂಸು ತಾಳಲಾರದು. ಯಾತ್ರೆಯನ್ನು ಹಿರಿಯ ಮಗುವಿನ ಆಸೆಯಿಂದಲ್ಲ, ಕಿರಿಯ ಮಗುವಿನ ಶಕ್ತಿಯಿಂದ ಅಳೆಯಬೇಕು.

ಎರಡನೆಯದು: ನಮ್ಮ ರಜೆಯ ಕಾಲಕ್ಕೆ ಅಲ್ಲಿಯ ಋತು ಯಾವುದು? ನಮ್ಮ ಬೇಸಿಗೆ ರಜೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೆಯ ವಾರದವರೆಗೆ. ಅಷ್ಟರಲ್ಲಿ ಅಂಡಮಾನಿಗೆ ಮೇ ನಡುವಿನಲ್ಲಿಯೇ ನೈಋತ್ಯ ಮಾರುತ ತಲಪಿರುತ್ತದೆ. ಅರಬ್ಬೀ ಸಮುದ್ರವೂ ಮೇ ಕೊನೆಗೆ ಉಕ್ಕತೊಡಗುತ್ತದೆ. ಮಲ್ಪೆಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆದುದರಿಂದ ಬೇಸಿಗೆ ರಜೆಯಲ್ಲಿ ಹೊರಡುವವರು ಅದರ ಮೊದಲ ಭಾಗದಲ್ಲಿಯೇ ಹೊರಡತಕ್ಕದ್ದು.

ಮೂರನೆಯದು: ರಾತ್ರಿ ಮಗುವಿಗೆ ಜ್ವರ ಬಂದರೆ ಮರಳುವ ದಾರಿ ಯಾವುದು? ಹೋಗುವ ದಾರಿಯನ್ನು ಎಲ್ಲರೂ ವಿಚಾರಿಸುತ್ತಾರೆ. ಮರಳುವ ದಾರಿಯನ್ನು ವಿಚಾರಿಸುವವರು ಕಡಿಮೆ.

ನಾಲ್ಕನೆಯದು: ಖರ್ಚು ತಲೆಗೆ ಎಷ್ಟು? ವಿಮಾನದಲ್ಲಿ ಎರಡು ವರ್ಷ ತುಂಬಿದ ಮಗುವಿಗೂ ಪ್ರತ್ಯೇಕ ಆಸನದ ಟಿಕೇಟು ಬೇಕು. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಮಲಗುವ ಸ್ಥಳ ಕೇಳದಿದ್ದರೆ ಟಿಕೇಟಿಲ್ಲ. ಐದರಿಂದ ಹನ್ನೆರಡರೊಳಗಿನವರಿಗೂ ಬೇರೆ ಸ್ಥಳ ಬೇಡವಾದರೆ ಅರ್ಧ ದರ, ಬೇಕಾದರೆ ಪೂರ್ಣ ದರ. ಈ ನಿಯಮ 2016ರಿಂದ ಬಂದಿದೆ. ನಮ್ಮ ಪೋಷಕರ ಮನೆಯ ಐವರಿಗೆ ವಿಮಾನವಾದರೆ ಐದು ಟಿಕೇಟು. ರೈಲಾದರೆ, ಕೂಸು ತಾಯಿಯ ಬಳಿ ಮಲಗಿದಲ್ಲಿ, ನಾಲ್ಕು.

ಒಂದೊಂದಾಗಿ ನೋಡೋಣ

ಅಂಡಮಾನ್: ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಚೆನ್ನೈಯಿಂದ ಸಮುದ್ರದ ಮೇಲೆ ಸುಮಾರು 1190 ಕಿಲೋಮೀಟರ್. ಹಡಗಿನಲ್ಲಿ ಎರಡು ಮೂರು ದಿನ, ವಿಮಾನದಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚು. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಜೈಲು ಇಲ್ಲಿದೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಒಂಟಿ ಕೋಣೆಗಳಲ್ಲಿ ಸವೆದ ಸ್ಥಳವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಜೀವಮಾನದಲ್ಲಿ ಒಮ್ಮೆ ಕಾಣಬೇಕು. ಭಾರತದಲ್ಲಿ ಈಗಲೂ ಸಜೀವವಾಗಿರುವ ಒಂದೇ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪವೂ ಈ ಸಮುದ್ರದಲ್ಲಿಯೇ ಇದೆ. ಆದಿವಾಸಿಗಳ ರಕ್ಷಣೆಗಾಗಿ 1956ರಲ್ಲಿ ಮಾಡಿದ ನಿಬಂಧನೆಯಂತೆ ಅವರ ಪ್ರದೇಶಗಳಿಗೆ ಹೊರಗಿನವರು ಹೋಗಬಾರದು. ಸುಂದರ ತೀರಗಳಿಗೆ ಹೆಸರಾದ ಸ್ವರಾಜ್ ದ್ವೀಪಕ್ಕೆ ರಾಜಧಾನಿಯಿಂದ ಮತ್ತೆ ಹಡಗಿನಲ್ಲಿ ಹೋಗಬೇಕು. ದೊಡ್ಡ ಆಸ್ಪತ್ರೆ ಇರುವುದು ರಾಜಧಾನಿಯಲ್ಲಿ. ಕೆಲವು ತೀರಗಳಲ್ಲಿ ಉಪ್ಪುನೀರಿನ ಮೊಸಳೆಗಳ ಭಯವೂ ಉಂಟು. ಎಚ್ಚರಿಕೆಯ ಫಲಕವನ್ನು ಓದದೆ ನೀರಿಗಿಳಿಯಬಾರದು.

ಲಕ್ಷದ್ವೀಪ: ಒಟ್ಟು 36 ದ್ವೀಪಗಳು, ಜನವಸತಿ ಇರುವುವು ಹತ್ತು, ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್ ಮಾತ್ರ. ಇವುಗಳಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಇವುಗಳಲ್ಲಿ ಅಮಿನಿದಿವಿ ಗುಂಪು ಟಿಪ್ಪು ಸುಲ್ತಾನನ ಅಧೀನದಲ್ಲಿದ್ದು, 1799ರ ಮೇಲೆ ಬ್ರಿಟಿಷರಿಗೆ ಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿತ್ತು. 1953ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆ ಒಡೆದು ನಮ್ಮ ರಾಯದುರ್ಗ ತಾಲ್ಲೂಕು ಆಂಧ್ರದಲ್ಲಿ ಉಳಿಯಿತು. 1956ರಲ್ಲಿ ಅಮಿನಿದಿವಿಯು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವನ್ನು ಸೇರಿತು. ಗಡಿಯ ಗೆರೆ ನಮ್ಮ ನೆಲದ ಮೇಲಷ್ಟೇ ಅಲ್ಲ, ಕಡಲಿನ ಮೇಲೂ ಎಳೆಯಲ್ಪಟ್ಟಿತು. ಹವಳದ ದಿಬ್ಬಗಳ ಒಳಗಿರುವ ಲಗೂನಿನ ನೀರು ತಿಳಿಯಾಗಿ, ಅಲೆಯಿಲ್ಲದೆ ಇರುತ್ತದೆ. ಕಡಲನ್ನು ಪರಿಚಯಿಸಲು ಇಷ್ಟು ಒಳ್ಳೆಯ ನೀರು ಬೇರೆಡೆ ದುರ್ಲಭ. ಆದರೆ ಅಲ್ಲಿಗೆ ಹೋಗಲು ಮುಂಚಿತವಾಗಿ ಪರವಾನಗಿ ಪಡೆಯಬೇಕು. ಕೊಚ್ಚಿಯಿಂದ ಹಡಗಿನಲ್ಲಿ 14ರಿಂದ 18 ಗಂಟೆ ಹಿಡಿಯುತ್ತದೆ. ಕಾಯಿಲೆ ಕಠಿನವಾದರೆ ರೋಗಿಯನ್ನು ಕೊಚ್ಚಿಗೇ ಸಾಗಿಸಬೇಕು.

ಸೇಂಟ್ ಮೇರೀಸ್ ದ್ವೀಪ: ನಮ್ಮಲ್ಲಿಂದ ಚಿತ್ರದುರ್ಗ, ಶಿವಮೊಗ್ಗ, ಆಗುಂಬೆಗಳ ಮೇಲೆ ಉಡುಪಿಯನ್ನು ಸೇರಬಹುದು. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಬಡಗಿ ಕೊಯ್ದು ನಿಲ್ಲಿಸಿದಂತೆ ಐದಾರು ಮುಖಗಳ ಕಲ್ಲಿನ ಕಂಬಗಳು ಇಲ್ಲಿ ಸಾಲಾಗಿ ನಿಂತಿವೆ. ಲಾವಾರಸ ಆರುವಾಗ ಕುಗ್ಗಿ ಬಿರಿಯುತ್ತದೆ. ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ನೋಡಿದ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾದೀತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಈ ಶಿಲೆ ಉಂಟಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ರಾತ್ರಿ ತಂಗುವುದು ಉಡುಪಿಯಲ್ಲಿಯೇ ಆದುದರಿಂದ ಊಟಕ್ಕೂ ವೈದ್ಯರಿಗೂ ಕೊರತೆಯಿಲ್ಲ. ಬಂಡೆಗಳು ಮಾತ್ರ ಜಾರುವುವು. ಪ್ರವಾಸಿಗಳು ಇಲ್ಲಿ ನೀರುಪಾಲಾದದ್ದುಂಟು. ದೋಣಿಯಲ್ಲಿ ಮಗುವಿನ ಮೈಗೆ ಸರಿಯಾದ ಅಳತೆಯ ಲೈಫ್ ಜಾಕೆಟ್ ಕೇಳಿ ತೊಡಿಸಿರಿ. ದೊಡ್ಡವರ ಜಾಕೆಟ್ಟಿನಿಂದ ಮಗು ಜಾರಿಹೋಗುತ್ತದೆ.

ರಾಮೇಶ್ವರ: ಇದು ದ್ವೀಪವೆಂಬುದನ್ನೇ ಯಾತ್ರಿಕರು ಅನೇಕರು ಮರೆತಿರುತ್ತಾರೆ. ದೋಣಿಯಿಲ್ಲದೆ, ವಿಮಾನವಿಲ್ಲದೆ ತಲಪಬಹುದಾದ ದ್ವೀಪ ಇದು. 1914ರಲ್ಲಿ ಪಾಂಬನ್ ರೈಲು ಸೇತುವೆ, 1988ರಲ್ಲಿ ರಸ್ತೆ ಸೇತುವೆ ಆದವು. ಹಳೆಯ ರೈಲು ಸೇತುವೆಯ ಬದಲಾಗಿ ಸುಮಾರು 2 ಕಿಲೋಮೀಟರ್ ಉದ್ದದ ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಹಡಗು ಬಂದಾಗ ಅದರ ನಡುಭಾಗ ನೇರವಾಗಿ ಮೇಲಕ್ಕೇಳುತ್ತದೆ. ಮಗುವಿಗೆ ಕಾಯಿಲೆಯಾದರೆ ವಾಹನದಲ್ಲಿಯೇ ಸೇತುವೆ ದಾಟಿ ರಾಮನಾಥಪುರಕ್ಕೆ ಬರಬಹುದು. ದೇವಾಲಯದ ಉದ್ದವಾದ ಕಲ್ಲಿನ ಪ್ರಾಕಾರಗಳಿವೆ. ದೋಣಿಯ ಒಡೆಯರೊಬ್ಬರ ಮಗನಾಗಿ 1931ರಲ್ಲಿ ಇಲ್ಲಿ ಹುಟ್ಟಿ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ ಅವರ ಸ್ಮಾರಕವಿದೆ. ದ್ವೀಪದ ತುದಿಯಲ್ಲಿ ಧನುಷ್ಕೋಟಿ. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತದಲ್ಲಿ ಆ ಊರು ಹಾಳಾಯಿತು, ರೈಲೊಂದು ಜನಸಮೇತ ಕಡಲು ಪಾಲಾಯಿತು. ಪಾಳುಬಿದ್ದ ಗೋಡೆಗಳನ್ನು ಮಕ್ಕಳಿಗೆ ತೋರಿಸಿ ಈ ಕಥೆಯನ್ನು ಹೇಳತಕ್ಕದ್ದು. ಅಲ್ಲಿ ಕಡಲಿಗೆ ಇಳಿಸತಕ್ಕದ್ದಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕಡೆ ಈಶಾನ್ಯ ಮಾರುತದ ಮಳೆಗಾಲ. ಆದಕಾರಣ ನಮ್ಮ ಸಂಕ್ರಾಂತಿ ರಜೆ ಹೆಚ್ಚು ಅನುಕೂಲ.

ನಿರ್ಣಯ

ಇಷ್ಟನ್ನು ನೋಡಿದ ಮೇಲೆ ನಮ್ಮ ಅಭಿಪ್ರಾಯವಿದು. ಹತ್ತು ವರ್ಷದೊಳಗಿನ ಮಕ್ಕಳಿರುವ ನಮ್ಮ ಸೀಮೆಯ ಸಂಸಾರಕ್ಕೆ ಮೊದಲ ದ್ವೀಪ ರಾಮೇಶ್ವರ. ಎರಡನೆಯದು ಮಲ್ಪೆಯ ದ್ವೀಪ. ಲಕ್ಷದ್ವೀಪ, ಅಂಡಮಾನುಗಳು ಮಕ್ಕಳು ಬೆಳೆದು ಈಜು ಕಲಿತ ಮೇಲೆ ಆಗಲಿ. ದೂರದ ದ್ವೀಪ ದೊಡ್ಡದು, ಹತ್ತಿರದ್ದು ಸಣ್ಣದು ಎಂದು ಭಾವಿಸಬೇಕಾಗಿಲ್ಲ. ಮನೆಯವರೆಲ್ಲರೂ ಸುಖವಾಗಿ ಮರಳಿ ಬಂದ ಯಾತ್ರೆಯೇ ದೊಡ್ಡ ಯಾತ್ರೆ.

ಎಲ್ಲಿಗೆ ಹೋದರೂ ಕೆಲವು ನಿಯಮಗಳನ್ನು ಪಾಲಿಸಿರಿ. ಹನ್ನೊಂದರಿಂದ ಮೂರು ಗಂಟೆಯವರೆಗೆ ಮಕ್ಕಳನ್ನು ನೆರಳಿನಲ್ಲಿಡಿರಿ. ಕುಡಿಯುವ ನೀರು, ಓ.ಆರ್.ಎಸ್. ಪುಡಿ, ಮಗುವಿಗೆ ವೈದ್ಯರು ಹೇಳಿದ ಔಷಧ ಸದಾ ಕೈಯಲ್ಲಿರಲಿ. ದೋಣಿ ಹತ್ತುವ ಮುನ್ನ ಹೊಟ್ಟೆ ಬಿರಿಯುವಂತೆ ಉಣಿಸಬೇಡಿರಿ. ತಲೆ ಸುತ್ತಿದವರು ದೂರದ ದಿಗಂತವನ್ನು ನೋಡುತ್ತಿರಲಿ. ಹವಳವನ್ನು ಮುರಿದು ತರಬೇಡಿರಿ. ಅದು ಕಲ್ಲಲ್ಲ, ಜೀವಿಗಳ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧವೂ ಹೌದು.

ನಮ್ಮ ಪೋಷಕರು ಸಂಕ್ರಾಂತಿಗೆ ರಾಮೇಶ್ವರಕ್ಕೇ ಹೋಗಿ ಬಂದರು. ಹಿರಿಯ ಹುಡುಗನು ಮೊದಲು ಮುನಿಸಿಕೊಂಡಿದ್ದನಂತೆ. ಧನುಷ್ಕೋಟಿಯನ್ನು ನೋಡಿ ಬಂದವನು ತರಗತಿಯಲ್ಲಿ ತಾನಾಗಿ ಎದ್ದು ನಿಂತು ಚಂಡಮಾರುತದ ವಿಷಯವನ್ನು ಹತ್ತು ನಿಮಿಷ ಹೇಳಿದನು. ಈಗ ಅವನು ಅಂಡಮಾನಿನ ಮಾತು ಬಿಟ್ಟಿಲ್ಲ. ಆದರೆ ಅದಕ್ಕೆ ಮೊದಲು ಬಳ್ಳಾರಿಗೆ ಹೋಗಿ ಈಜು ಕಲಿಯಬೇಕೆಂದು ತಂದೆಯನ್ನು ಕೇಳುತ್ತಿದ್ದಾನೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಭಾರತದ ಕಾಲಮಾನವನ್ನು 82½ ಡಿಗ್ರಿ ಪೂರ್ವ ರೇಖಾಂಶದಿಂದ ಎಣಿಸುತ್ತಾರೆ. ಹಿರೇಹಾಳ ಸುಮಾರು 77 ಡಿಗ್ರಿ, ಶ್ರೀ ವಿಜಯಪುರಂ ಸುಮಾರು 92¾ ಡಿಗ್ರಿಯಲ್ಲಿವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಅಲ್ಲಿ ಸೂರ್ಯನು ನಮಗಿಂತ ಎಷ್ಟು ನಿಮಿಷ ಮುಂಚೆ ನೆತ್ತಿಗೆ ಬರುವನು?

2. ಲಾವಾ, ಹವಳ, ಮುಳುಗಿದ ಪರ್ವತ: ಇವುಗಳಿಂದಾದ ಒಂದೊಂದು ದ್ವೀಪವನ್ನು ಭೂಪಟದಲ್ಲಿ ಗುರುತಿಸಿರಿ.

3. ನಿಮ್ಮ ಮನೆಯವರೊಡನೆ ಕುಳಿತು, ಮೇಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು, ನಿಮ್ಮ ಮನೆಗೆ ಸಲ್ಲುವ ದ್ವೀಪವನ್ನು ಆರಿಸಿ ಕಾರಣ ಕೊಡಿರಿ.